‘ತಿಳಿದಿಲ್ಲ’ ಎಂಬ ಕಾಲಂ

ಜೂನ್ 12, ಸೋಮವಾರ

ಈ ಪುಸ್ತಕದ ಮೊದಲ ಎಂಟು ಪುಟ ಅಕ್ಕನವು. ಯಾರ್ಯಾರದೋ ತೋಳು, ಹೆಗಲು, ಸೊಂಟದ ಅಳತೆ ಅಲ್ಲಿದೆ. ಒಂಬತ್ತನೆಯ ಪುಟದಿಂದ ನನ್ನ ರಕ್ತದೊತ್ತಡ ಶುರು. ಸಿಟ್ಟು ಬಂದಾಗ ಬಾಯಿ ಬಿಡುವ ಬದಲು ಬರೆಯಬೇಕು ಎಂದು ಡಾಕ್ಟರು ಮಾತ್ರೆಯ ಜೊತೆ ಇದನ್ನೂ ಹೇಳಿ ಕಳಿಸಿದ್ದಾರೆ. ನಿನ್ನ ಸಿಟ್ಟಿಗೆ ಇದೊಂದು ಪುಸ್ತಕ ಎಲ್ಲಿ ಸಾಕು ಎನ್ನುತ್ತಲೇ ಅಕ್ಕ ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಇದನ್ನು ತೆಗೆದು ಕೊಟ್ಟಳು.

ಸರಿ, ಬರೆಯುತ್ತೇನೆ. ಹೊಸ ಹೆಡ್ ಮೇಡಂ ಇವತ್ತು ಸಭೆ ಕರೆದಿದ್ದರು. ಬಂದು ಹದಿನೈದು ದಿನವೂ ಆಗಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇನ್ನು ಮುಂದೆ ಎಂಟನೇ ತರಗತಿಯ ಗಣಿತದಲ್ಲಿ ಕೊನೆಯ ಐದು ನಿಮಿಷ ಪಾಠ ನಿಲ್ಲಿಸಬೇಕಂತೆ. ಪ್ರತಿ ಮಗುವಿಗೂ ಒಂದು ಚೀಟಿ. ಅದರಲ್ಲಿ ಮೂರು ಪ್ರಶ್ನೆ: ಇವತ್ತು ಏನು ಕಲಿತೆ? ಏನು ಅರ್ಥವಾಗಲಿಲ್ಲ? ಇನ್ನೂ ಏನು ತಿಳಿಯಬೇಕು ಅನಿಸುತ್ತದೆ? ಅವರು ಬರೆದದ್ದನ್ನು ನಾನು ಓದಿ ರಿಜಿಸ್ಟರಿನಲ್ಲಿ ಗುರುತು ಹಾಕಬೇಕು. ರಿಜಿಸ್ಟರಿಗೆ ಮೂರು ಕಾಲಂ: ತಿಳಿದಿದೆ, ಅರೆಬರೆ, ತಿಳಿದಿಲ್ಲ.

ಇಪ್ಪತ್ತಾರು ವರ್ಷದಿಂದ ಲೆಕ್ಕ ಹೇಳಿಕೊಡುತ್ತಿದ್ದೇನೆ. ಯಾರ ತಲೆಗೆ ಹೋಗಿದೆ, ಯಾರ ತಲೆಯ ಮೇಲಿಂದ ಹೋಗಿದೆ ಎಂದು ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ಸಭೆಯಲ್ಲಿ ಹಾಗೆಂದೆ. ಮುಖ ನೋಡಿ ಹೇಳುವುದು ಜ್ಯೋತಿಷಿಗಳ ಕೆಲಸ ಸರ್ ಎಂದರು ಮೇಡಂ. ಡ್ರಾಯಿಂಗ್ ಮೇಷ್ಟ್ರು ಕಿಸಕ್ಕನೆ ನಕ್ಕರು. ಅವರ ನಗು ಇನ್ನೂ ಕಿವಿಯಲ್ಲಿದೆ.

ಜೂನ್ 14, ಬುಧವಾರ

ನಲವತ್ತೆರಡು ಚೀಟಿ. ಮೂವತ್ತೊಂಬತ್ತರಲ್ಲಿ ಒಂದೇ ಮಾತು: ಎಲ್ಲ ಅರ್ಥವಾಯಿತು. ಎರಡು ಖಾಲಿ. ಒಬ್ಬ ಮಹಾನುಭಾವ ‘ಇನ್ನೂ ಏನು ತಿಳಿಯಬೇಕು’ ಎಂಬಲ್ಲಿ ‘ಬೆಲ್ ಯಾವಾಗ’ ಎಂದು ಬರೆದಿದ್ದಾನೆ. ಪ್ರಾಮಾಣಿಕ ಅವನೊಬ್ಬನೇ.

ರಿಜಿಸ್ಟರಿಗೆ ನೀಲಿ ಶಾಯಿಯಲ್ಲಿ ಗೆರೆ ಹೊಡೆದು, ಹೆಸರುಗಳನ್ನು ಅಚ್ಚುಕಟ್ಟಾಗಿ ಬರೆದೆ. ಯಾರೂ ಓದದ ರಿಜಿಸ್ಟರೇ ಆದರೂ ನನ್ನ ಕೈಯಿಂದ ಕೊಳಕಾಗಿ ಹೊರಡಬಾರದು.

ಜೂನ್ 23, ಶುಕ್ರವಾರ

ಏಳು ದಿನ ಸತತವಾಗಿ ಎಲ್ಲ ಅರ್ಥವಾಯಿತು, ಎಲ್ಲ ಅರ್ಥವಾಯಿತು. ಇವತ್ತು ಹೇಳದೆ ಕೇಳದೆ ಐದು ಲೆಕ್ಕ ಕೊಟ್ಟೆ. ಐದೂ ಸರಿ ಮಾಡಿದವರು ನಾಲ್ಕೇ ಜನ. ಡಾಕ್ಟರ ಮಗ, ದಿನವೂ ಮುತ್ತಿನಂಥ ಅಕ್ಷರದಲ್ಲಿ ‘ಸಂಪೂರ್ಣ ಅರ್ಥವಾಯಿತು’ ಎಂದು ಬರೆಯುವವನು, ಒಂದು ಲೆಕ್ಕ ಸರಿ ಮಾಡಿದ್ದ.

ಬೈದೆ. ಚೆನ್ನಾಗಿಯೇ ಬೈದೆ. ಆಮೇಲೆ ಉಸಿರು ಹಿಡಿದುಕೊಂಡು, ಇದಕ್ಕೆ ಅಂಕವಿಲ್ಲ, ಬೈಗುಳವಿಲ್ಲ, ಈ ಚೀಟಿ ನನ್ನ ನಿಮ್ಮ ನಡುವೆ ಮಾತ್ರ, ಮೂರನೆಯವರಿಗೆ ಗೊತ್ತಾಗುವುದಿಲ್ಲ, ನಿಜ ಬರೆಯಿರಿ ಎಂದೆ. ಹೇಳಿದ್ದು ಸ್ಟಾಫ್ ರೂಮಿನ ತನಕ ಕೇಳಿಸಿತಂತೆ. ಬೈಗುಳವಿಲ್ಲ ಎಂಬುದನ್ನು ಇಷ್ಟು ಜೋರಾಗಿ ಬೈದು ಹೇಳಿದ್ದು ನೀವೊಬ್ಬರೇ ಎಂದರು ಡ್ರಾಯಿಂಗ್ ಮೇಷ್ಟ್ರು.

ಜುಲೈ 4, ಮಂಗಳವಾರ

ಮೈನಸ್ ಸಂಖ್ಯೆಗಳ ಗುಣಾಕಾರ. ನಿಯಮ ಬೋರ್ಡಿಗೆ ಬರೆದೆ: ಮೈನಸ್ ಇಂಟು ಮೈನಸ್ ಪ್ಲಸ್. ಮೂರು ಸಲ ಹೇಳಿಸಿದೆ. ಹನ್ನೆರಡು ಲೆಕ್ಕ ಆಯಿತು. ಇಂಥ ದಿನ ಮನಸ್ಸಿಗೆ ಹಿತ.

ಕೊನೆಗೆ ಚೀಟಿ. ಮೂರನೇ ಬೆಂಚಿನ ಕಿಟಕಿ ಪಕ್ಕ ಒಬ್ಬಳು ಕೂರುತ್ತಾಳೆ. ಮಾತಾಡಿದರೆ ಪಕ್ಕದವರಿಗೂ ಕೇಳಿಸುವುದಿಲ್ಲ. ಹಾಜರಿ ಕೂಗಿದಾಗ ‘ಎಸ್ ಸರ್’ ಅಂದಳೋ ಇಲ್ಲವೋ ಎಂದು ದಿನಾ ತಲೆ ಎತ್ತಿ ನೋಡಬೇಕು. ಪಿಸುಗುಟ್ಟಿ ಎಂದು ನಾನೇ ಹೆಸರಿಟ್ಟಿದ್ದೇನೆ. ಅವಳ ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಅವಳು ಬರೆದದ್ದು ಹೀಗೆ:

‘ಲಿಫ್ಟು ಎರಡು ಮಹಡಿ ಇಳಿದರೆ ಮೈನಸ್ ಎರಡು. ಮೂರು ಸಲ ಹಾಗೆ ಇಳಿದರೆ ಮೈನಸ್ ಆರು. ಇದು ಗೊತ್ತಾಯಿತು. ಮೈನಸ್ ಮೂರು ಸಲ ಇಳಿಯುವುದು ಎಂದರೆ ಏನು? ಆಗ ಯಾರು ಇಳಿಯುತ್ತಾರೆ?’

ಅಧಿಕಪ್ರಸಂಗ ಎಂದುಕೊಂಡು ‘ತಿಳಿದಿಲ್ಲ’ ಕಾಲಮ್ಮಿನಲ್ಲಿ ಗುರುತು ಹಾಕಿದೆ.

ಜುಲೈ 6, ಗುರುವಾರ

ನಿನ್ನೆ ಅವಳಿಗೆ ನಿಯಮ ಅಂದರೆ ನಿಯಮ, ಯಾರೂ ಇಳಿಯುವುದಿಲ್ಲ ಎಂದಿದ್ದೆ. ಇವತ್ತಿನ ಚೀಟಿಯಲ್ಲಿ ಹೀಗಿತ್ತು: ‘ನಿಯಮ ಕಲಿತೆ. ಯಾರೂ ಇಳಿಯದಿದ್ದರೆ ಪ್ಲಸ್ ಆರಕ್ಕೆ ಹೇಗೆ ಹೋಗುತ್ತದೆ ಎಂದು ಅರ್ಥವಾಗಲಿಲ್ಲ.’

ಮೂರು ಪುಸ್ತಕ ತೆಗೆದು ನೋಡಿದೆ. ಮೂರರಲ್ಲೂ ನಿಯಮವಿದೆ. ಯಾಕೆ ಎಂದು ಒಂದರಲ್ಲೂ ಇಲ್ಲ, ಇದ್ದರೂ ನನಗೆ ಸಿಗಲಿಲ್ಲ. ಕಾಲೇಜಿನಲ್ಲಿ ಏನೋ ಸಿದ್ಧ ಮಾಡಿ ತೋರಿಸಿದ ನೆನಪು. ಆದರೆ ಅದು ಅಕ್ಷರಗಳ ಮೇಲೆ ಅಕ್ಷರ ಹೇರಿ ಮಾಡಿದ್ದು. ಲಿಫ್ಟಿನಲ್ಲಿ ಯಾರು ಇಳಿಯುತ್ತಾರೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಇಪ್ಪತ್ತಾರು ವರ್ಷ, ವರ್ಷಕ್ಕೆ ನಲವತ್ತು ಮಕ್ಕಳು ಎಂದರೆ ಸಾವಿರಕ್ಕೆ ಮೇಲೆ. ಅಷ್ಟೂ ಜನರಿಗೆ ಬಾಯಿಪಾಠ ಮಾಡಿಸಿದ ನಿಯಮ ಯಾಕೆ ಹಾಗೆ ಎಂದು ನನಗೇ ಗೊತ್ತಿಲ್ಲ. ಬರೆಯುವಾಗ ಮನಸ್ಸು ಹಗುರಾಗುತ್ತದೆ ಎಂದಿದ್ದರು ಡಾಕ್ಟರು. ಸುಳ್ಳು.

ಜುಲೈ 11, ಮಂಗಳವಾರ

ಊಟದ ಹೊತ್ತಿನಲ್ಲಿ ಅಕ್ಕನಿಗೆ ಹೇಳಿದೆ. ಶಾಲೆಯ ಸಮವಸ್ತ್ರವನ್ನೆಲ್ಲ ಹೊಲಿಯುವವಳು ಅವಳೇ. ಆ ಹುಡುಗಿಯನ್ನು ಹೆಸರಿನಿಂದಲ್ಲ, ಅಳತೆಯಿಂದ ಗುರುತು ಹಿಡಿದಳು. ತೋಳು ಹದಿನೇಳು, ಅಳತೆ ತೆಗೆಯುವಾಗ ಟೇಪಿನ ಮೊದಲ ಇಂಚಿನಲ್ಲಿ ಸೊನ್ನೆ ಯಾಕೆ ಬರೆದಿಲ್ಲ ಎಂದು ಕೇಳಿದ್ದಳಂತೆ.

“ಗೊತ್ತಿಲ್ಲ ಅಂತ ಹೇಳ್ಬಿಡು, ಅದರಲ್ಲೇನಿದೆ?” ಎಂದಳು.

ಮೇಷ್ಟ್ರಾದವನು ಗೊತ್ತಿಲ್ಲ ಅನ್ನುವುದುಂಟೇ ಎಂದು ರೇಗಿದೆ. ಬಟ್ಟೆ ಕತ್ತರಿಸಿ ಹಾಳುಮಾಡಿದ ಮೇಲೆ ಗೊತ್ತಿರಲಿಲ್ಲ ಅನ್ನುವುದಕ್ಕಿಂತ ಮೊದಲೇ ಅನ್ನುವುದು ವಾಸಿ ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಜುಲೈ 20, ಗುರುವಾರ

ಹೇಳಿಬಿಟ್ಟೆ. ಮೈನಸ್ ಇಂಟು ಮೈನಸ್ ಯಾಕೆ ಪ್ಲಸ್ ಎಂದು ನನಗೆ ಸರಿಯಾಗಿ ಗೊತ್ತಿಲ್ಲ, ಹುಡುಕುತ್ತಿದ್ದೇನೆ ಎಂದೆ. ನಲವತ್ತೆರಡು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಫ್ಯಾನಿನ ಸದ್ದು ಅಷ್ಟು ಜೋರು ಎಂದು ಇವತ್ತೇ ನನಗೆ ತಿಳಿದದ್ದು.

ಆದದ್ದೇನೆಂದರೆ, ಇವತ್ತಿನ ಚೀಟಿಗಳಲ್ಲಿ ಹದಿನೆಂಟು ಪ್ರಶ್ನೆ ಬಂದಿವೆ. ಭಿನ್ನರಾಶಿ ಭಾಗಿಸುವಾಗ ಯಾಕೆ ತಲೆಕೆಳಗೆ ಮಾಡಬೇಕು ಎಂದು ಒಬ್ಬ. ನಾಲ್ಕನೇ ತರಗತಿಯಿಂದ ಏಳರ ಮಗ್ಗಿ ಬರುವುದಿಲ್ಲ, ಯಾರಿಗೂ ಹೇಳಿರಲಿಲ್ಲ ಎಂದು ಇನ್ನೊಬ್ಬಳು. ಓದುತ್ತ ಕೂತವನಿಗೆ ಕೊನೆಯ ಬಸ್ಸು ತಪ್ಪುವುದರಲ್ಲಿತ್ತು.

ಪ್ರಶ್ನೆ ಬರೆದವರಿಗೆಲ್ಲ ‘ತಿಳಿದಿಲ್ಲ’ ಎಂದು ಗುರುತು ಹಾಕಿದೆ. ಮತ್ತೇನು ಹಾಕಲಿ?

ಆಗಸ್ಟ್ 2, ಬುಧವಾರ

ಈಗ ‘ಎಲ್ಲ ಅರ್ಥವಾಯಿತು’ ಎಂಬ ಚೀಟಿಯನ್ನು ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದೇನೆ. ಹೋಗಿ ಒಂದು ಪ್ರಶ್ನೆ ಬರೆದುಕೊಂಡು ಬಾ ಎಂದು ವಾಪಸ್ ಕೊಡುತ್ತೇನೆ. ಹಾಗೆ ಬಲವಂತಕ್ಕೆ ಬರೆದವರಿಗೆ ‘ಅರೆಬರೆ’, ತಾವಾಗಿಯೇ ಕೇಳಿದವರಿಗೆ ‘ತಿಳಿದಿಲ್ಲ’. ಡಾಕ್ಟರ ಮಗನೊಬ್ಬ ಜಗ್ಗುವುದಿಲ್ಲ. ಅಪ್ಪ ಹಾಗೇ ಬರೀ ಅಂದಿದ್ದಾರೆ ಸರ್ ಎನ್ನುತ್ತಾನೆ. ಅವನಿಗೆ ‘ತಿಳಿದಿದೆ’.

ಅಕ್ಟೋಬರಿನಲ್ಲಿ ಎಂಟನೆಯವರನ್ನು ಎರಡು ಪಾಲು ಮಾಡುತ್ತಾರೆ, ಪೂರ್ಣ ಗಣಿತ ಮತ್ತು ಸರಳ ಗಣಿತ. ಸರಳ ಗಣಿತಕ್ಕೆ ಹೋದವರಿಗೆ ಪಾಲಿಟೆಕ್ನಿಕ್‌ನ ಬಾಗಿಲು ಮುಚ್ಚಿದಂತೆ. ಪ್ರತಿ ವರ್ಷ ಪರೀಕ್ಷೆಯ ಅಂಕ ನೋಡಿ ಮಾಡುತ್ತಿದ್ದರು. ಈ ಸಲ ಹತ್ತಕ್ಕಿಂತ ಹೆಚ್ಚು ಜನ ಅಲ್ಲಿಗೆ ಹೋಗಲಿಕ್ಕಿಲ್ಲ ಎಂದು ನನ್ನ ಅಂದಾಜು. ತರಗತಿಯಲ್ಲಿ ಈಗ ಕೈ ಎತ್ತುತ್ತಾರೆ.

ಆಗಸ್ಟ್ 13, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ರಕ್ತದೊತ್ತಡ ತೋರಿಸಲು ಕ್ಲಿನಿಕ್ಕಿಗೆ ಹೋದರೆ ಲಿಫ್ಟ್ ಕೆಟ್ಟಿತ್ತು. ಕ್ಲಿನಿಕ್ ಐದನೇ ಮಹಡಿಯಲ್ಲಿ. ಒತ್ತಡ ಇರುವವನು ಮೆಟ್ಟಿಲು ಹತ್ತಿ ಒತ್ತಡ ತೋರಿಸಬೇಕು, ಎಂಥ ನ್ಯಾಯ! ಕೆಳಗೆ ಲಿಫ್ಟಿನ ಬಾಗಿಲು ತೆರೆದು ಒಬ್ಬರು ಕೆಲಸ ಮಾಡುತ್ತಿದ್ದರು. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವಳು ಪಿಸುಗುಟ್ಟಿ. ಭಾನುವಾರ ಅಪ್ಪನ ಜೊತೆ ಬರುತ್ತಾಳಂತೆ. ಶಾಲೆಯಲ್ಲಿ ಕೇಳಿಸದ ದನಿ ಲಿಫ್ಟಿನ ಬಾವಿಯಂಥ ಗುಂಡಿಯಲ್ಲಿ ಗಣಗಣ ಎನ್ನುತ್ತಿತ್ತು. ಸ್ಪ್ಯಾನರ್ ಹದಿಮೂರಾ ಹದಿನಾಲ್ಕಾ ಎಂದು ಅಪ್ಪನನ್ನೇ ಗದರಿಸುತ್ತಿದ್ದಳು.

ಅಪ್ಪ ಕೈ ಒರೆಸಿಕೊಂಡು ಮಾತಾಡಿಸಿದರು. ಇಪ್ಪತ್ತು ವರ್ಷದ ಕೆಲಸ, ಆದರೆ ಕೈಯಲ್ಲಿ ಡಿಪ್ಲೊಮಾ ಇಲ್ಲ. ಇವರು ಮಾಡಿದ ಪ್ರತಿ ರಿಪೇರಿಗೂ ಕಂಪನಿಯಿಂದ ಒಬ್ಬ ಬಂದು, ಮುಟ್ಟಿಯೂ ನೋಡದೆ, ಸರಿಯಾಗಿದೆ ಎಂದು ಸಹಿ ಹಾಕಬೇಕು. ಸಹಿ ಇಲ್ಲದೆ ಲಿಫ್ಟ್ ಓಡಿಸುವಂತಿಲ್ಲ. ಬರುವವನು ನನ್ನ ವಯಸ್ಸಿನ ಅರ್ಧದವನು ಎಂದು ನಕ್ಕರು. ಮಗಳು ಟಾರ್ಚನ್ನು ಒಂದಿಷ್ಟೂ ಅಲುಗಿಸದೆ ಹೇಳಿದಳು:

“ಇನ್ನೈದಾರು ವರ್ಷ ಅಷ್ಟೇ ಸರ್. ಆಮೇಲೆ ಅಪ್ಪನ ಕೆಲಸಕ್ಕೆ ನಾನೇ ಸೈನ್ ಹಾಕ್ತೀನಿ.”

ರಿಪೇರಿ ಮುಗಿದು, ಲಿಫ್ಟನ್ನು ಮೇಲಿನಿಂದ ನಿಧಾನಕ್ಕೆ ಇಳಿಸಿ ನೋಡುತ್ತಿದ್ದರು. ನಿಮಿಷಕ್ಕೆ ಎರಡು ಮಹಡಿ. ಅದು ನೆಲಮಹಡಿಗೆ, ಅಂದರೆ ಸೊನ್ನೆಗೆ ಬಂದು ನಿಂತಾಗ ಅಪ್ಪ ತಲೆ ಕೆರೆದುಕೊಂಡು, ಮೂರು ನಿಮಿಷದ ಹಿಂದೆ ಒಂದು ಕಿರ್ ಅನ್ನೋ ಸದ್ದು ಬಂತಲ್ಲ, ಆಗ ಲಿಫ್ಟ್ ಎಲ್ಲಿತ್ತು ಎಂದು ಕೇಳಿದರು. ಮಗಳು ತಕ್ಷಣ ಆರನೇ ಮಹಡಿ ಎಂದಳು. ಅಂದವಳು ಟಾರ್ಚ್ ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ಸರ್, ಇಳಿಯೋದು ಮೈನಸ್ ಎರಡು. ಮೂರು ನಿಮಿಷ ಹಿಂದೆ ಅಂದ್ರೆ ಮೈನಸ್ ಮೂರು. ಲಿಫ್ಟ್ ಇದ್ದಿದ್ದು ಪ್ಲಸ್ ಆರರಲ್ಲಿ.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೌದು, ಅಷ್ಟೇ. ಇಳಿಯುತ್ತಿರುವುದು ಈ ಹೊತ್ತಿಗೆ ಸೊನ್ನೆಗೆ ಬಂದಿದೆ ಎಂದರೆ ಮೊದಲು ಮೇಲೆಯೇ ಇದ್ದಿರಬೇಕು. ಯಾರು ಇಳಿಯುತ್ತಾರೆ ಎಂದು ಅವಳು ಕೇಳಿದ್ದಳು. ಅದೇ ಲಿಫ್ಟ್. ಹಿಂದಕ್ಕೆ ತಿರುಗಿ ನೋಡಬೇಕಿತ್ತು, ಅಷ್ಟೇ. ಯಾವ ಪುಸ್ತಕದಲ್ಲೂ ಸಿಗದ್ದು ಗ್ರೀಸ್ ಮೆತ್ತಿದ ಕೈಯ ಹದಿಮೂರು ವರ್ಷದ ಹುಡುಗಿಯ ಬಾಯಲ್ಲಿ ಬಂತು. ಖುಷಿಯಾಯಿತು ಎಂದು ಬರೆದರೆ ಸಾಲದು.

ಒತ್ತಡ ನೋಡಿದ ಡಾಕ್ಟರು ಇವತ್ತು ಚೆನ್ನಾಗಿದೆಯಲ್ಲ ಎಂದರು.

ಆಗಸ್ಟ್ 14, ಸೋಮವಾರ

ಅವಳನ್ನೇ ಬೋರ್ಡಿನ ಮುಂದೆ ನಿಲ್ಲಿಸಿ ಹೇಳಿಸಿದೆ. ಮೊದಲೆರಡು ಮಾತು ಕೇಳಿಸಲಿಲ್ಲ. ಲಿಫ್ಟಿನ ಚಿತ್ರ ಬರೆದ ಮೇಲೆ ಕೊನೆಯ ಬೆಂಚಿಗೂ ಕೇಳಿಸಿತು. ಇಡೀ ಪಿರಿಯಡ್ಡಿನಲ್ಲಿ ಆದದ್ದು ಅದೊಂದೇ ಲೆಕ್ಕ.

ಅವಳ ಇವತ್ತಿನ ಚೀಟಿ: ‘ಲಿಫ್ಟು ನಿಂತೇ ಇದ್ದರೆ ವೇಗ ಸೊನ್ನೆ. ಆರನೇ ಮಹಡಿಗೆ ಹೋಗಲು ಎಷ್ಟು ನಿಮಿಷ ಬೇಕು ಎಂದು ಕೇಳಿದರೆ ಆರನ್ನು ಸೊನ್ನೆಯಿಂದ ಭಾಗಿಸಬೇಕು. ಅದಕ್ಕೆ ಉತ್ತರವೇ ಇರಬಾರದು ಅಲ್ಲವೇ? ಅರ್ಥವಾಗಲಿಲ್ಲ.’

ಸ್ಟಾಫ್ ರೂಮಿನಲ್ಲಿ ಒಬ್ಬನೇ ನಕ್ಕೆ. ಡ್ರಾಯಿಂಗ್ ಮೇಷ್ಟ್ರು ಗಾಬರಿಯಾಗಿ ನೀರು ತಂದುಕೊಟ್ಟರು. ಆಮೇಲೆ ರಿಜಿಸ್ಟರ್ ತೆಗೆದು, ನಲವತ್ತೆರಡಕ್ಕೂ ಗುರುತು ಹಾಕಿ ಮುಗಿಸಿದೆ. ಅವಳದು ಎಂದಿನಂತೆ ‘ತಿಳಿದಿಲ್ಲ’.

ಆಗಸ್ಟ್ 30, ಬುಧವಾರ

ಊಟದ ಹೊತ್ತಿನಲ್ಲಿ ನೀನು ಈಚೆಗೆ ಭಾಷಣ ಬಿಟ್ಟು ಬರೀ ಪ್ರಶ್ನೆ ಕೇಳ್ತೀಯ ಎಂದಳು ಅಕ್ಕ. ಏನು ಕೇಳಿದೆ ಎಂದರೆ, ಇಗೋ ಮತ್ತೆ ಕೇಳಿದೆ ಎಂದಳು. ಇವಳಿಗೆ ಬೇರೆ ಕೆಲಸವಿಲ್ಲ.

ಸೆಪ್ಟೆಂಬರ್ 21, ಗುರುವಾರ

ಅರ್ಧವರ್ಷದ ಪರೀಕ್ಷೆ ತಿದ್ದಿ ಮುಗಿಯಿತು. ಪಿಸುಗುಟ್ಟಿಗೆ ಐವತ್ತೆಂಟು. ಜೂನ್‌ನಲ್ಲಿ ಅವಳು ಮೂವತ್ತು ಅಂಕದ ಹುಡುಗಿ. ಡಾಕ್ಟರ ಮಗನಿಗೆ ನಲವತ್ತೊಂದು. ಪೂರ್ಣ ಗಣಿತಕ್ಕೆ ನಲವತ್ತು ಸಾಕು, ಇಬ್ಬರೂ ಪಾರು.

ಸಂಜೆ ಆಫೀಸಿನವರು ಬಂದು ಚೀಟಿ ರಿಜಿಸ್ಟರನ್ನು ತೆಗೆದುಕೊಂಡು ಹೋದರು. ಕಟ್ಟು ಕಟ್ಟಿ ಕಪಾಟಿನ ಮೇಲೆ ಎಸೆಯುತ್ತಾರೆ, ಗೆದ್ದಲಿಗಾದರೂ ಆಹಾರ.

ಅಕ್ಟೋಬರ್ 9, ಸೋಮವಾರ

ನೋಟಿಸ್ ಬೋರ್ಡಿನಲ್ಲಿ ಪಟ್ಟಿ. ಸರಳ ಗಣಿತಕ್ಕೆ ಹನ್ನೊಂದು ಜನ. ಏಳನೆಯ ಹೆಸರು ಅವಳದು.

ಅಚ್ಚಿನ ತಪ್ಪು ಎಂದುಕೊಂಡು ಆಫೀಸಿಗೆ ಓಡಿದೆ. ತಪ್ಪಲ್ಲ. ಈ ವರ್ಷದಿಂದ ಹೊಸ ನಿಯಮವಂತೆ. ಚೀಟಿ ರಿಜಿಸ್ಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ‘ತಿಳಿದಿಲ್ಲ’ ಇದ್ದವರು, ಪರೀಕ್ಷೆಯಲ್ಲಿ ಎಷ್ಟೇ ಬಂದಿರಲಿ, ಸರಳ ಗಣಿತಕ್ಕೆ. ಪರೀಕ್ಷೆಯಲ್ಲಿ ಅದೃಷ್ಟದಿಂದಲೂ ಅಂಕ ಬರಬಹುದು, ದಿನದಿನದ ಗುರುತು ಸುಳ್ಳು ಹೇಳುವುದಿಲ್ಲ ಎಂದು ಮೇಲಿನವರ ವಾದ. ಗುಮಾಸ್ತರು ರಿಜಿಸ್ಟರ್ ತೆರೆದು ತೋರಿಸಿದರು. ಐವತ್ತು ಪಾಠದಲ್ಲಿ ಅವಳಿಗೆ ಮೂವತ್ತೇಳು ‘ತಿಳಿದಿಲ್ಲ’. ಎಲ್ಲ ನನ್ನ ನೀಲಿ ಶಾಯಿ, ಒಂದಾದರೂ ಗೆರೆ ದಾಟಿಲ್ಲ. ಆಗಸ್ಟ್ 14ರ ಸಾಲಿನಲ್ಲೂ ಇತ್ತು. ಅವಳು ನನ್ನ ಬದಲು ಪಾಠ ಹೇಳಿದ ದಿನ.

ಡಾಕ್ಟರ ಮಗ ಪೂರ್ಣ ಗಣಿತದಲ್ಲಿದ್ದಾನೆ. ಐವತ್ತಕ್ಕೆ ಐವತ್ತು ತಿಳಿದಿದೆ.

ಮಾಡಿದ್ದುಣ್ಣೋ ಮಹರಾಯ.

ಅಕ್ಟೋಬರ್ 10, ಮಂಗಳವಾರ

ಮೇಡಂ ಬಳಿ ಒಂದು ಗಂಟೆ ಕೂತೆ. ಪ್ರಶ್ನೆ ಕೇಳಿದವರಿಗೆ ನಾನು ‘ತಿಳಿದಿಲ್ಲ’ ಎಂದು ಹಾಕಿದ್ದೇ ತಪ್ಪು, ಕೇಳಿದವರೇ ಹೆಚ್ಚು ತಿಳಿದವರು ಎಂದೆ. ಅವರು ಕೆಟ್ಟವರಲ್ಲ. ಕೊನೆತನಕ ಕೇಳಿಸಿಕೊಂಡರು. ಆಮೇಲೆ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, “ಒಂದು ದಿನಾನೂ ಬಿಟ್ಟಿಲ್ಲ, ಒಂದು ಕಡೇನೂ ತಿದ್ದಿಲ್ಲ. ನಾನು ಇದನ್ನ ಮಾದರಿ ಅಂತ ಬೇರೆ ಶಾಲೆಗೆ ಕಳಿಸಿದ್ದೀನಿ ಸರ್. ಈಗ ಇದೇ ತಪ್ಪು ಅಂತ ಹೇಗೆ ಹೇಳಲಿ?” ಎಂದರು.

ತಪ್ಪು ಎಂದು ನಾನು ಬರೆದುಕೊಡುತ್ತೇನೆ ಎಂದೆ. ಬರೆದುಕೊಟ್ಟರೆ ವಿಚಾರಣೆ ಆಗಬಹುದು, ಆದರೂ ಬರೆದುಕೊಡಿ ಎಂದರು. ಆದರೆ ಪೋಷಕರು ಪಟ್ಟಿಗೆ ಒಪ್ಪಿಗೆ ಪತ್ರ ಕೊಡುವ ಬದಲು ಆಕ್ಷೇಪಣೆ ಕೊಟ್ಟರೆ ಮಾತ್ರ ನನ್ನ ಕಾಗದಕ್ಕೆ ಬೆಲೆ. ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಆಗಬೇಕು.

ಮಕ್ಕಳಿಗೆ ಈ ಚೀಟಿ ಮೂರನೆಯವರಿಗೆ ಗೊತ್ತಾಗುವುದಿಲ್ಲ ಎಂದು ಮಾತು ಕೊಟ್ಟವನು ನಾನು. ನಿಜ ಬರೆದ ಹನ್ನೊಂದು ಜನ ಹೊರಗೆ, ಸುಳ್ಳು ಬರೆದವರು ಒಳಗೆ. ಮೇಡಂ ಕೇಳಿದ್ದರೆ ಇದನ್ನೂ ಬರೆದುಕೊಡುತ್ತಿದ್ದೆ. ಅವರು ಕೇಳಲಿಲ್ಲ.

ಅಕ್ಟೋಬರ್ 11, ಬುಧವಾರ

ಬೆಳಿಗ್ಗೆ ಎಂಟಕ್ಕೇ ಕಾಗದ ಕೊಟ್ಟೆ. ‘ಸದರಿ ರಿಜಿಸ್ಟರಿನ ಗುರುತುಗಳು ನನ್ನ ತಪ್ಪು ತಿಳುವಳಿಕೆಯಿಂದ ಆದವು’ ಎಂದು ಬರೆದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ಮಾತ್ರ ಅನಿಸಿತು.

ಹನ್ನೊಂದು ಮನೆಗೂ ಫೋನ್ ಮಾಡಿದೆ. ನಾಲ್ವರು ಆಕ್ಷೇಪಣೆ ಕೊಡುತ್ತೇವೆ ಎಂದರು. ಆರು ಮನೆಯವರಿಗೆ ಸರಳ ಗಣಿತವೇ ಬೇಕಂತೆ. ಒಬ್ಬ ತಂದೆ, ಪೀಡೆ ತೊಲಗಿತು ಸರ್, ನಮ್ಮ ವಂಶದಲ್ಲೇ ಲೆಕ್ಕ ಇಲ್ಲ ಎಂದು ನನಗೇ ಸಮಾಧಾನ ಹೇಳಿದರು. ಲಿಫ್ಟಿನವರ ಫೋನ್ ಮಾತ್ರ ಎತ್ತಲಿಲ್ಲ. ಆಫೀಸಿಗೆ ಹೋಗಿ ಕೇಳಿದರೆ, ಅವರ ಒಪ್ಪಿಗೆ ಪತ್ರ ನಿನ್ನೆಯೇ ಬಂದಿದೆ ಎಂದರು ಗುಮಾಸ್ತರು. ಎಲ್ಲರಿಗಿಂತ ಮೊದಲು. ಹುಡುಗಿಯೇ ತಂದುಕೊಟ್ಟಳಂತೆ.

ಇವತ್ತಿನ ಪಾಠದ ಕೊನೆಯಲ್ಲಿ ನಲವತ್ತೆರಡು ಚೀಟಿ ಬಂದವು. ನಲವತ್ತೆರಡರಲ್ಲೂ ಎಲ್ಲ ಅರ್ಥವಾಗಿದೆ. ಯಾವುದನ್ನೂ ವಾಪಸ್ ಕೊಡಲಿಲ್ಲ.

ಅಕ್ಟೋಬರ್ 12, ಗುರುವಾರ

ರಜೆ ಹಾಕಿ ಅವಳ ಅಪ್ಪನನ್ನು ಹುಡುಕಿದೆ. ಮೂರು ಕಟ್ಟಡ ಸುತ್ತಿ, ನಾಲ್ಕನೆಯದರ ಮೇಲ್ಚಾವಣಿಯ ಮೋಟಾರ್ ಕೋಣೆಯಲ್ಲಿ ಸಿಕ್ಕರು. ಹನ್ನೊಂದು ಮಹಡಿ ಹತ್ತಿದ್ದೇನೆ ಎಂದು ಡಾಕ್ಟರಿಗೆ ಹೇಳಬಾರದು. ಕೂರಲು ಒಂದು ಡಬ್ಬ ಬೋರಲು ಹಾಕಿಕೊಟ್ಟರು.

ಎಲ್ಲ ಹೇಳಿದೆ. ನನ್ನ ಗುರುತು ತಪ್ಪು, ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ತಿಳಿಯುತ್ತದೆ, ಒಪ್ಪಿಗೆ ವಾಪಸ್ ತೆಗೆದುಕೊಂಡು ಆಕ್ಷೇಪಣೆ ಕೊಡಿ ಎಂದೆ. ಅವರು ಬಹಳ ಹೊತ್ತು ಕೈ ಒರೆಸುತ್ತಿದ್ದರು. ಸಹಿ ಹಾಕುವುದಿಲ್ಲ ಎಂದು ತಾವೇ ಮೊದಲು ಹಟ ಹಿಡಿದದ್ದಂತೆ. ಮಗಳು ಬಿಡಲಿಲ್ಲವಂತೆ.

“ನಂಗೆ ಓದು ಗೊತ್ತಿಲ್ಲ ಸರ್. ಅವಳು ಹ್ಞೂಂ ಅಂದ್ರೆ ನಾಳೆ ಬೆಳಿಗ್ಗೆನೇ ಬಂದು ವಾಪಸ್ ತಗೋತೀನಿ. ಅವಳ್ನ ಒಪ್ಸಿ.”

ಅಕ್ಕ ರಾತ್ರಿ ಊಟಕ್ಕೆ ಬಡಿಸಿ ಎದುರಿಗೆ ಕೂತಳು. ತಮಾಷೆ ಮಾಡಲೂ ಅವಳಿಗೆ ಮನಸ್ಸಿರಲಿಲ್ಲ.

ಅಕ್ಟೋಬರ್ 13, ಶುಕ್ರವಾರ

ಮಧ್ಯಾಹ್ನದ ಬಿಡುವಿನಲ್ಲಿ ಅವಳನ್ನು ಖಾಲಿ ತರಗತಿಗೆ ಕರೆದೆ. ಎದುರಿನ ಬೆಂಚಿನಲ್ಲಿ ಕೂರು ಎಂದೆ. ಕೂರಲಿಲ್ಲ. ಕಾರಿಡಾರಿನಲ್ಲಿ ಅವಳ ಅಪ್ಪ ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ, ಅರ್ಧ ದಿನದ ಕೆಲಸ ಬಿಟ್ಟು ಕಾಯುತ್ತಿದ್ದರು.

ಯಾಕೆ ಸಹಿ ಹಾಕಿಸಿದೆ ಎಂದು ಕೇಳಿದೆ. ಅವಳು ಮಾತಾಡಿದ್ದು ಅದೇ ಹಳೆಯ ದನಿಯಲ್ಲಿ. ನಾನು ಬಗ್ಗಿ ಕೇಳಬೇಕಾಯಿತು.

“ಪಟ್ಟಿ ನೋಡಿ ತಪ್ಪಾಗಿದೆ ಅಂದ್ಕೊಂಡೆ ಸರ್. ಆಫೀಸಲ್ಲಿ ಕೇಳಿದ್ದಕ್ಕೆ ರಿಜಿಸ್ಟರ್ ತೋರಿಸಿದ್ರು. ನಿಮ್ಮ ಗುರುತು. ಪ್ರತಿ ದಿನ.” ಬೋರ್ಡಿನ ಕಡೆ ನೋಡುತ್ತ ಹೇಳಿದಳು: “ನಂಗೆ ಅರ್ಥ ಆಗ್ತಿದೆ ಅಂದ್ಕೊಂಡಿದ್ದೆ. ನೀವು ಒಂದ್ ಸಲ ಹೇಳ್ಬಹುದಿತ್ತು.”

ನಾನು ಹೇಳಿದೆ. ಏನೇನು ಹೇಳಿದೆ ಎಂದು ಈಗ ಸಾಲಾಗಿ ನೆನಪಿಲ್ಲ. ಪ್ರಶ್ನೆ ಕೇಳುವವರಿಗೆ ಆ ರಿಜಿಸ್ಟರಿನಲ್ಲಿ ಜಾಗವೇ ಇರಲಿಲ್ಲ, ಯೋಚಿಸದೆ ನಾನು ಸಿಕ್ಕ ಕಾಲಮ್ಮಿನಲ್ಲಿ ಹಾಕಿದೆ ಎಂದೆ. ನನ್ನ ಇಪ್ಪತ್ತಾರು ವರ್ಷದಲ್ಲಿ ನಿನ್ನಷ್ಟು ತಿಳಿದವರನ್ನು ನೋಡಿಲ್ಲ ಎಂದೆ. ತಪ್ಪು ನನ್ನದು ಎಂದು ಕಾಗದ ಕೊಟ್ಟಿರುವುದನ್ನೂ ಹೇಳಿದೆ. ಅವಳು ತಲೆ ಬಗ್ಗಿಸಿ ಕೇಳಿದಳು. ಇಷ್ಟು ದಿನ ನನ್ನ ಪಾಠವನ್ನು ಅವಳು ಹೀಗೆ ಕೇಳಿದ್ದನ್ನು ನಾನು ನೋಡಿಲ್ಲ. ಏನೂ ಕೇಳಬೇಕೆನಿಸದವರು ಹೀಗೆ ಕೇಳುತ್ತಾರೆ.

ಮುಗಿದ ಮೇಲೆ, “ಪರವಾಗಿಲ್ಲ ಸರ್” ಎಂದಳು. “ನಂಗೆ ಬೇಜಾರಾಗ್ಬಾರ್ದು ಅಂತ ನೀವು ಹೇಳ್ತಿದೀರಿ. ನಂಗೆ ಬೇಜಾರಿಲ್ಲ.”

ಅಲ್ಲ, ಇದು ನಿಜ, ನಾನು ಸುಳ್ಳು ಹೇಳುತ್ತಿಲ್ಲ ಎಂದೆ.

“ಮೂವತ್ತೇಳು ದಿನ ಯಾರು ಸರ್ ತಪ್ಪಾಗಿ ಹಾಕ್ತಾರೆ?”

ಹಾಕಿದವನು ಎದುರಿಗೆ ಕೂತಿದ್ದ. ನಾನು ಹಾಕಿದೆ, ನಾನೇ ಹಾಕಿದೆ ಎಂದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ನನಗೆ ಆಗುತ್ತಿದ್ದ ಸಂಕಟ ಅವಳಿಗೆ ಕಾಣಿಸಿತು ಅಂತ ತೋರುತ್ತದೆ. ಹ್ಞೂಂ ಸರ್, ನೀವು ಹೇಳಿದ್ದು ಸರಿ ಎಂದಳು, ದೊಡ್ಡವರು ಹಟ ಮಾಡುವ ಚಿಕ್ಕವರಿಗೆ ಹೇಳುತ್ತಾರಲ್ಲ, ಹಾಗೆ. ಹಾಗಾದರೆ ಅಪ್ಪನಿಗೆ ಹೇಳು, ವಾಪಸ್ ತೆಗೆದುಕೊಳ್ಳಲಿ ಎಂದೆ. ಬೇಡ ಸರ್ ಎಂದಳು. ಅಪ್ಪನ ಕೆಲಸದಲ್ಲಿ ಗೊತ್ತಿಲ್ಲದವರು ಸೈನ್ ಹಾಕಬಾರದು, ಜನ ಬೀಳುತ್ತಾರೆ ಎಂದಳು.

ಕಾರಿಡಾರಿಗೆ ಹೋಗಿ ಅಪ್ಪನ ಕೈಯಿಂದ ಟೂಲ್ಸಿನ ಚೀಲ ತೆಗೆದುಕೊಂಡು, ನಡೀರಿ ಅಪ್ಪಾ ಎಂದಳು. ಅವರು ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಇಲ್ಲ ಎಂದು. ಅವರು ಕೈ ಮುಗಿದರು. ನನಗೆ ಕೈ ಮುಗಿದು, ಅವಳಿಗಾಗಿ ನಿನ್ನೆ ಅಷ್ಟು ಮೆಟ್ಟಿಲು ಹತ್ತಿಕೊಂಡು ಬಂದಿರಲ್ಲ ಸರ್, ಅಷ್ಟು ಸಾಕು ಎಂದು ಹೇಳಿ ಹೋದರು.

ಐದು ಗಂಟೆಯ ತನಕ ಆಫೀಸಿನ ಎದುರಿನ ಬೆಂಚಿನಲ್ಲಿ ಕೂತಿದ್ದೆ. ಗುಮಾಸ್ತರು ಕಿಟಕಿ ಹಾಕಿದರು.